ಕೀ ಕೊಡುವ ಮೊದಲು ಹದಿನೆಂಟು ತುಂಬಲಿ

ಜುಬೈಲಿನಿಂದಲೋ ಶಾರ್ಜಾದಿಂದಲೋ ರಾತ್ರಿ ವೀಡಿಯೊ ಕಾಲ್ ಬರುತ್ತದೆ. ಮಗನಿಗೆ ಪಿಯುಸಿ ಸೀಟು ಸಿಕ್ಕಿದೆ, ಕಾಲೇಜು ಮನೆಯಿಂದ ಎಂಟು ಕಿಲೋಮೀಟರ್ ದೂರ. ಬೆಳಗ್ಗಿನ ಬಸ್ಸಿನಲ್ಲಿ ಕಾಲಿಡ್ಲಿಕ್ಕೂ ಜಾಗ ಇಲ್ಲ ಎಂದು ಮಗ ಹಿಂದಿನಿಂದ ಗೊಣಗುತ್ತಾನೆ. "ಅಂಗಳದಲ್ಲಿ ಗಾಡಿ ಸುಮ್ನೆ ನಿಂತಿದೆಯಲ್ಲ, ಕೊಡು ಅವನಿಗೆ. ಒಳರಸ್ತೆಯಲ್ಲಿ ಹೋಗ್ಲಿಕ್ಕೆ ಹೇಳು" ಎಂದು ಬಾಪ ಅಲ್ಲಿಂದಲೇ ತೀರ್ಮಾನ ಮಾಡುತ್ತಾರೆ. ಉಮ್ಮ ಗೋಡೆಯ ಮೊಳೆಯಿಂದ ಕೀ ತೆಗೆದು ಕೊಡುತ್ತಾರೆ. "ಮೋನೇ, ಮೆಲ್ಲಗೆ ಹೋಗು" ಎನ್ನುತ್ತಾರೆ. ಅಷ್ಟು ಹೊತ್ತಿಗೆ ಅವನು ಗೇಟು ದಾಟಿರುತ್ತಾನೆ.

ಉಳ್ಳಾಲ, ತೊಕ್ಕೊಟ್ಟು, ಫರಂಗಿಪೇಟೆ, ಬಿ.ಸಿ. ರೋಡ್, ಕೃಷ್ಣಾಪುರ - ನಮ್ಮವರಿರುವ ಯಾವ ಊರಿಗೆ ಹೋದರೂ ಇದು ಹೊಸ ಕತೆಯಲ್ಲ. ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಹುಡುಗನಿಗೆ ಗಾಡಿ ಬಿಡ್ಲಿಕ್ಕೆ ಬರುತ್ತದೋ ಇಲ್ಲವೋ ಎಂದು ನಾವು ನೋಡುತ್ತೇವೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಆ ಕೀ ಕೊಟ್ಟ ಕೈ ಯಾರದ್ದು, ಆರ್‌ಸಿಯಲ್ಲಿ ಹೆಸರು ಯಾರದ್ದು ಎಂದು ಕಾನೂನು ಕೇಳುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಆ ಹೆಸರು ಗಲ್ಫಿನಲ್ಲಿ ದುಡಿಯುತ್ತಿರುವ ಬಾಪನದ್ದು.

ಮೊದಲು ವಯಸ್ಸಿನ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ 18 ವರ್ಷ ತುಂಬದವರು ಸಾರ್ವಜನಿಕ ಜಾಗದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಮನೆಯ ಹಿಂದಿನ ಕಾಂಕ್ರೀಟ್ ರಸ್ತೆ, ಮಸೀದಿಗೆ ಹೋಗುವ ಓಣಿ ಎಲ್ಲವೂ ಸಾರ್ವಜನಿಕ ಜಾಗವೇ. "ಹೈವೇಗೆ ಹೋಗುದಿಲ್ಲ, ಇಲ್ಲೇ ಅಂಗಡಿಗೆ" ಎಂಬ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ.

ಇದೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಉಂಟು. ಹುಡುಗರು ಅದನ್ನೇ ಹಿಡಿದು ವಾದ ಮಾಡುತ್ತಾರೆ. 16 ತುಂಬಿದವರು 50 ಸಿಸಿ ಮೀರದ ಮೋಟಾರ್‌ಸೈಕಲ್ ಓಡಿಸಬಹುದು, ಅದಕ್ಕೂ ಹೆತ್ತವರ ಅಥವಾ ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ ಲೈಸನ್ಸ್ ಮಾಡಿಸಿಕೊಳ್ಳಬೇಕು. ಇದು ಜನರ ಬಾಯಲ್ಲಿ "ಗೇರ್ ಇಲ್ಲದ ಗಾಡಿಗೆ ಹದಿನಾರು ಸಾಕು" ಎಂದಾಗಿದೆ. ತಪ್ಪು. ಕಾನೂನು ನೋಡುವುದು ಗೇರನ್ನಲ್ಲ, ಸಿಸಿಯನ್ನು. ಹಿಂದೆ 50 ಸಿಸಿಯ ಲೂನಾ ಇತ್ತು, ಅದಕ್ಕೆ ಈ ವಿನಾಯಿತಿ ಅರ್ಥಪೂರ್ಣವಾಗಿತ್ತು. ಇಂದು ಅಂಗಳದಲ್ಲಿ ನಿಂತಿರುವ ಆ್ಯಕ್ಟಿವಾ 110 ಸಿಸಿ ಆಸುಪಾಸಿನದ್ದು. ಮೀನಿನ ಬುಟ್ಟಿ, ಗ್ಯಾಸ್ ಸಿಲಿಂಡರ್ ಸಾಗಿಸುವ ಟಿವಿಎಸ್ ಎಕ್ಸ್‌ಎಲ್ ಕೂಡ ಈಗ 100 ಸಿಸಿ ಹತ್ತಿರಕ್ಕೆ ಬಂದಿದೆ. ಹಾಗಾಗಿ ನಮ್ಮ ಮನೆಗಳಲ್ಲಿರುವ ಪೆಟ್ರೋಲ್ ಗಾಡಿಗಳಿಗೆ 18ರ ಕೆಳಗೆ ದಾರಿ ಇಲ್ಲ ಎಂದೇ ತಿಳಿದುಕೊಳ್ಳಿ.

ಬ್ಯಾಟರಿ ಗಾಡಿಯ ಮಾತು ಸ್ವಲ್ಪ ಬೇರೆ. ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ, ಹೀಗೆ ಪ್ರಮಾಣೀಕೃತ ಗಾಡಿಯನ್ನು ನಿಯಮಾವಳಿ ಮೋಟಾರು ವಾಹನ ಎಂದು ಲೆಕ್ಕ ಹಾಕುವುದಿಲ್ಲ. ಅದಕ್ಕೆ ಲೈಸನ್ಸ್ ಬೇಡ, ನೋಂದಣಿ ಬೇಡ. ಕೊಳ್ಳುವಾಗ ಆ ಪ್ರಮಾಣಪತ್ರ ಕೇಳಿ ತೆಗೆದುಕೊಳ್ಳಿ. ಕೆಲವು ಕಡೆ "ಸ್ಪೀಡ್ ಲಾಕ್ ತೆಗೆದು ಕೊಡ್ತೇವೆ, ನಲ್ವತ್ತರಲ್ಲಿ ಹೋಗ್ತದೆ" ಎನ್ನುವವರಿದ್ದಾರೆ. ಲಾಕ್ ತೆಗೆದ ಕ್ಷಣ ಅದು ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ ಆಗಿಬಿಡುತ್ತದೆ.

ಇಪ್ಪತ್ತೈದರವರೆಗೆ ಲೈಸನ್ಸ್ ಇಲ್ಲ

2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, 199ಎ ಎಂಬ ಹೊಸ ಸೆಕ್ಷನ್ ಸೇರಿತು. ಅಪ್ರಾಪ್ತರು ಗಾಡಿ ಓಡಿಸಿ ಕಾಯ್ದೆ ಉಲ್ಲಂಘಿಸಿದರೆ ತಪ್ಪಿತಸ್ಥರು ಹುಡುಗನ ಪೋಷಕರು ಅಥವಾ ಗಾಡಿಯ ಮಾಲಕರು. ಶಿಕ್ಷೆ ಮೂರು ವರ್ಷಗಳವರೆಗಿನ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ನಿಮ್ಮ ಒಪ್ಪಿಗೆಯಿಂದಲೇ ಓಡಿಸಿದ್ದಾನೆ ಎಂದು ನ್ಯಾಯಾಲಯ ಮೊದಲೇ ಭಾವಿಸಿಕೊಳ್ಳುತ್ತದೆ. ನನಗೆ ಗೊತ್ತಿರಲಿಲ್ಲ, ನಾನು ಬೇಕಾದ ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆ. ಕೀ ಮೊಳೆಯಲ್ಲಿ ನೇತಾಡುತ್ತಿದ್ದರೆ ಅದನ್ನು ಸಾಬೀತು ಮಾಡ್ಲಿಕ್ಕೆ ಸುಲಭವಿಲ್ಲ.

ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ರಸ್ತೆಯಲ್ಲೇ ಕಟ್ಟುವ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ 1,000ದ ಬದಲು 500 ಆದದ್ದು ಹಾಗೆ. ಅಪ್ರಾಪ್ತರ ವಿಷಯ ಆ ಲೆಕ್ಕಕ್ಕೆ ಸೇರುವುದಿಲ್ಲ. ಪೊಲೀಸರಿಗೆ ಕಟ್ಟಿ ಬರುವ ಕೇಸು ಇದಲ್ಲ, ಕೋರ್ಟಿಗೆ ಹೋಗಬೇಕು. ಮಗ ಬೈಕ್ ಓಡಿಸಿದ್ದಕ್ಕೆ ತಂದೆಗೋ ತಾಯಿಗೋ 25,000 ದಂಡ ಎಂಬ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲೇ ಬರುತ್ತಿರುತ್ತದೆ.

ಇದೇ ಸೆಕ್ಷನ್ನಿನ ಕೊನೆಯ ಭಾಗವನ್ನು ಹೆಚ್ಚಿನವರು ಓದಿಲ್ಲ. ಹೀಗೆ ಸಿಕ್ಕಿಬಿದ್ದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಸಿಗುವುದಿಲ್ಲ. ಹದಿನೇಳರಲ್ಲಿ ಒಂದು ಸಂಜೆ ಪರೋಟ ತರ್ಲಿಕ್ಕೆ ಹೋದ ತಪ್ಪಿಗೆ ಎಂಟು ವರ್ಷ. ನಮ್ಮ ಹುಡುಗರಿಗೆ ಆ ಎಂಟು ವರ್ಷ ಎಂತದ್ದು ಎಂದು ಸ್ವಲ್ಪ ಯೋಚಿಸಿ. ಐಟಿಐ ಮುಗಿಸಿದವನು ಸರ್ವಿಸ್ ಕೆಲಸಕ್ಕೆ ಸೇರಬೇಕಾದರೆ ಬೈಕ್ ಬೇಕು. ಊಟ ತಲುಪಿಸುವ ಕೆಲಸಕ್ಕೆ ಲೈಸನ್ಸ್ ಬೇಕು. ಪಿಕಪ್ ಓಡಿಸಿ ಮೀನು, ಅಡಿಕೆ ಸಾಗಿಸುವವರಿಗೆ ಅದೇ ಹೊಟ್ಟೆಪಾಡು. ಗಲ್ಫಿಗೆ ಡ್ರೈವರ್ ಕೆಲಸಕ್ಕೆ ಹೋಗುವವನ ಹತ್ತಿರ ಮೊದಲು ಕೇಳುವುದೇ ಊರಿನ ಲೈಸನ್ಸ್.

ಮನೆಯ ಮೇಲೆ ಬರುವ ಸಾಲ

ದಂಡಕ್ಕಿಂತ ನಮಗೆ ಹೆದರಿಕೆ ಆಗುವುದು ವಿಮೆಯ ವಿಷಯದಲ್ಲಿ. ನಮ್ಮ ಪಕ್ಕದ ಜಮಾಅತಿನ ಒಂದು ಮನೆಯಲ್ಲಿ ನಡೆದದ್ದು ಹೇಳುತ್ತೇವೆ. ಹದಿನೇಳರ ಹುಡುಗ, ಬಾಪ ಸೌದಿಯಲ್ಲಿ. ಮಗ್ರಿಬ್ ಕಳೆದು ಸ್ಕೂಟರಿನಲ್ಲಿ ಹೊರಟವನು ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರಿಗೆ ಡಿಕ್ಕಿ ಹೊಡೆದ. ಅವರ ತೊಡೆಯ ಮೂಳೆ ಮುರಿಯಿತು, ಆಪರೇಷನ್ ಆಯಿತು, ತಿಂಗಳುಗಟ್ಟಲೆ ಹಾಸಿಗೆ. ಅವರ ಮನೆಯವರು ಪರಿಹಾರಕ್ಕೆ ಕೇಸು ಹಾಕಿದರು, ಹಾಕಬೇಕಾದದ್ದೇ. ಹುಡುಗನ ಉಮ್ಮ "ಇನ್ಶೂರೆನ್ಸ್ ಇದೆಯಲ್ಲ, ಅವರು ಕೊಡ್ತಾರೆ" ಎಂದು ಸಮಾಧಾನದಲ್ಲಿದ್ದರು. ವಿಮಾ ಕಂಪೆನಿ ಕೊಟ್ಟಿತು, ಹೌದು. ಕೊಟ್ಟ ಮೇಲೆ ಅದೇ ಮೊತ್ತವನ್ನು ಆರ್‌ಸಿ ಮಾಲಕರಿಂದ ವಸೂಲು ಮಾಡ್ಲಿಕ್ಕೆ ಬಂತು. ಮನೆಗೆ ಮಾಳಿಗೆ ಏರಿಸಬೇಕೆಂದು ಬಾಪ ಕೂಡಿಟ್ಟಿದ್ದ ಹಣ ಅಲ್ಲಿಗೆ ಹೋಯಿತು. ಪಿಲ್ಲರಿನ ಕಬ್ಬಿಣದ ಸಲಾಕೆಗಳು ಇಂದಿಗೂ ಟೆರೇಸಿನ ಮೇಲೆ ತುಕ್ಕು ಹಿಡಿದು ನಿಂತಿವೆ.

ಇದು ಕಂಪೆನಿಯ ಮೋಸ ಅಲ್ಲ, ಕಾನೂನೇ ಹಾಗಿದೆ. ಲೈಸನ್ಸ್ ಇಲ್ಲದವನ ಕೈಗೆ ಮಾಲಕ ಗೊತ್ತಿದ್ದೂ ಗಾಡಿ ಕೊಟ್ಟರೆ ವಿಮೆಯ ಶರತ್ತು ಮುರಿದಂತೆ. ಪೆಟ್ಟು ತಿಂದವರು ಕೈಬಿಟ್ಟು ಹೋಗಬಾರದು ಎಂದು ಕಂಪೆನಿ ಮೊದಲು ಅವರಿಗೆ ಕೊಟ್ಟು, ಆಮೇಲೆ ಮಾಲಕನಿಂದ ವಸೂಲು ಮಾಡಬಹುದು ಎಂಬ ದಾರಿಯನ್ನು ಸುಪ್ರೀಂ ಕೋರ್ಟ್ 2004ರ ಸ್ವರ್ಣ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಇನ್ನೊಂದು: ಗಾಡಿಯ ಮಾಲಕನೇ ಓಡಿಸುವಾಗ ಸತ್ತರೆ ಸಿಗುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಗೂ ಆತನ ಹತ್ತಿರ ಚಾಲ್ತಿಯ ಲೈಸನ್ಸ್ ಇರಬೇಕು. ಹದಿನೆಂಟು ದಾಟಿದ್ದರೂ "ನಾಳೆ ಮಾಡಿಸುವಾ" ಎಂದು ಐದು ವರ್ಷ ದೂಡಿದವರು ನಮ್ಮಲ್ಲಿ ಕಡಿಮೆಯಿಲ್ಲ. ಅವರೂ ಇದನ್ನು ಓದಬೇಕು.

ವಿಚಿತ್ರ ಎಂದರೆ, ಇದನ್ನೆಲ್ಲ ಚೆನ್ನಾಗಿ ತಿಳಿದವರು ನಮ್ಮ ಗಲ್ಫಿನ ಬಾಪಂದಿರೇ. ದುಬೈಯಲ್ಲಿ ಫೈಲ್ ಓಪನ್ ಮಾಡಿ, ಕ್ಲಾಸಿಗೆ ದುಡ್ಡು ಕಟ್ಟಿ, ಪಾರ್ಕಿಂಗ್ ಟೆಸ್ಟ್, ರೋಡ್ ಟೆಸ್ಟ್ ಎಂದು ನಾಲ್ಕೈದು ಸಲ ಫೇಲಾಗಿ ಲೈಸನ್ಸ್ ಪಡೆದ ದಿನ ರೂಮಿನಲ್ಲಿ ಬಿರಿಯಾನಿ ಮಾಡಿದವರು ಅವರು. ಅಲ್ಲಿ ನಡುರಾತ್ರಿ ಖಾಲಿ ರಸ್ತೆಯಲ್ಲೂ ಕೆಂಪು ಸಿಗ್ನಲ್ ದಾಟುವುದಿಲ್ಲ. ಅದೇ ಮನುಷ್ಯ ರಜೆಗೆ ಊರಿಗೆ ಬಂದು ಮಂಗಳೂರು ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಮೇಲೆ ಹತ್ತನೇ ತರಗತಿಯ ಮಗನ ಹಿಂದೆ ಸ್ಕೂಟರಿನಲ್ಲಿ ಕೂತು ಪೇಟೆಗೆ ಹೋಗುವುದನ್ನು ನಾವೇ ಕಂಡಿದ್ದೇವೆ. ಹೇಳಿದರೆ ನಗುತ್ತಾರೆ.

ಹದಿನೆಂಟು ತುಂಬಿದ ಮೇಲೆ

ಕಳೆದ ವರ್ಷ ನಮ್ಮ ತಂಗಿಯ ಮಗನಿಗೆ ಹದಿನೆಂಟು ತುಂಬಿತು. ಅದಕ್ಕೂ ಎರಡು ವರ್ಷ ಮೊದಲಿನಿಂದ ಕೀಗಾಗಿ ಅವನು ಮಾಡಿದ ಜಗಳಕ್ಕೆ ಲೆಕ್ಕವಿಲ್ಲ. ಹುಟ್ಟಿದ ದಿನ ಬೆಳಗ್ಗೆಯೇ ಅವನನ್ನು ಕರೆದು ಮೊಬೈಲ್ ಹಿಡಿದು ಕೂತೆವು. ಪರಿವಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಕಲಿಕಾ ಲೈಸನ್ಸಿಗೆ, ಅಂದರೆ ನಾವೆಲ್ಲ ಎಲ್‌ಎಲ್‌ಆರ್ ಎನ್ನುವುದಕ್ಕೆ, ಅರ್ಜಿ ಹಾಕಬೇಕು. ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿದ್ದರೆ ಒಟಿಪಿ ಮೂಲಕ ದೃಢೀಕರಿಸಿ ಪರೀಕ್ಷೆಯನ್ನು ಮನೆಯಲ್ಲೇ ಬರೆಯಬಹುದು. ಜೋಡಿಸದಿದ್ದರೆ ಆರ್‌ಟಿಒ ಕಚೇರಿಗೆ ಹೋಗಿ ಬರೆಯಬೇಕು. ನಮ್ಮವರ ಅನೇಕ ಆಧಾರ್‌ಗಳಲ್ಲಿ ಬಾಪನ ಹಳೆಯ ನಂಬರೋ ಮಾಮನ ನಂಬರೋ ಇರುತ್ತದೆ. ಅದನ್ನು ಒಂದು ತಿಂಗಳು ಮೊದಲೇ ಸರಿಮಾಡಿಸಿ. ಹೆಸರಿನ ಸ್ಪೆಲ್ಲಿಂಗ್ ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೆ ಅದನ್ನೂ. ಮುಂದೆ ಪಾಸ್‌ಪೋರ್ಟಿಗೂ ಅದೇ ತಲೆನೋವು ಆಗುವುದು.

ಪರೀಕ್ಷೆಯಲ್ಲಿ ಸಂಚಾರ ಚಿಹ್ನೆ, ನಿಯಮಗಳ ಪ್ರಶ್ನೆಗಳು ಬರುತ್ತವೆ, ನೂರಕ್ಕೆ ಅರವತ್ತು ಸರಿ ಇದ್ದರೆ ಪಾಸ್. ಕೇಂದ್ರದ ನಿಯಮಾವಳಿಯ ಪ್ರಕಾರ ಕಲಿಕಾ ಲೈಸನ್ಸಿಗೆ 150 ರೂಪಾಯಿ, ಪರೀಕ್ಷೆಗೆ 50. ಆಮೇಲೆ ಓಡಿಸುವ ಟೆಸ್ಟಿಗೆ 300, ಲೈಸನ್ಸಿಗೆ 200. ಇದರ ಮೇಲೆ ಸೇವಾ ಶುಲ್ಕ, ಕಾರ್ಡಿನ ಖರ್ಚು ಸ್ವಲ್ಪ. ಏಜೆಂಟರ ಕೈಗೆ ಮೂರೋ ನಾಲ್ಕೋ ಸಾವಿರ ಕೊಟ್ಟವರು ಈ ಲೆಕ್ಕ ಒಮ್ಮೆ ನೋಡಲಿ. ನಮ್ಮ ಹುಡುಗನಿಗೂ ಒಬ್ಬರು "ನೀನು ಸುಮ್ನೆ ಬಂದು ಫೋಟೋ ಕೊಡು, ಉಳಿದದ್ದು ನಾವು ನೋಡಿಕೊಳ್ತೇವೆ" ಎಂದಿದ್ದರು. ಅವನಿಗೆ ಆಸೆಯಾಯಿತು, ನಾವು ಬಿಡಲಿಲ್ಲ.

ಗೇರ್ ಇರುವ ಮೋಟಾರ್‌ಸೈಕಲ್, ಗೇರ್ ಇಲ್ಲದ್ದು ಎಂದು ಅರ್ಜಿಯಲ್ಲಿ ಬೇರೆ ಬೇರೆ ವರ್ಗ ಇದೆ. ಗೇರ್ ಇಲ್ಲದ್ದಕ್ಕೆ ಮಾತ್ರ ಲೈಸನ್ಸ್ ಮಾಡಿಸಿ ಆಮೇಲೆ ಗೆಳೆಯನ ಬುಲೆಟ್ ಹತ್ತಿದರೆ ಅದು ಲೈಸನ್ಸ್ ಇಲ್ಲದ ಹಾಗೆಯೇ. ಮೊದಲೇ ಗೇರಿನದ್ದರಲ್ಲಿ ಕಲಿತು ಟೆಸ್ಟ್ ಕೊಡುವುದು ಒಳ್ಳೆಯದು.

ಎಲ್‌ಎಲ್‌ಆರ್ ಆರು ತಿಂಗಳಿಗೆ ಇರುತ್ತದೆ. 30 ದಿನ ಕಳೆದ ಮೇಲೆ ಪಕ್ಕಾ ಲೈಸನ್ಸಿನ ಟೆಸ್ಟಿಗೆ ದಿನ ಗೊತ್ತುಮಾಡಿಕೊಳ್ಳಬಹುದು. ಈ ನಡುವಿನ ದಿನಗಳನ್ನು ನಮ್ಮ ಹುಡುಗರು ಲೈಸನ್ಸ್ ಬಂದ ಹಾಗೆಯೇ ಕಳೆಯುತ್ತಾರೆ, ಹಿಂದೆ ಗೆಳೆಯ, ಅವನ ಹಿಂದೆ ಇನ್ನೊಬ್ಬ. ನಿಯಮ ಹಾಗಿಲ್ಲ. ಮುಂದೆ ಮತ್ತು ಹಿಂದೆ ಬಿಳಿ ಹಲಗೆಯಲ್ಲಿ ಕೆಂಪು 'ಎಲ್' ಅಕ್ಷರ ಇರಬೇಕು, ಜೊತೆಗೆ ಲೈಸನ್ಸ್ ಇರುವ ಕಲಿಸುವವರು ಇರಬೇಕು, ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ತಂಗಿಯನ್ನು ಮದ್ರಸಕ್ಕೆ ಬಿಡುವುದೂ ಇಲ್ಲ. ನಮ್ಮ ಹುಡುಗನಿಗೆ ಎಲ್ ಅಕ್ಷರ ಅಂಟಿಸ್ಲಿಕ್ಕೆ ನಾಚಿಕೆ. ಒಂದು ತಿಂಗಳ ನಾಚಿಕೆ ಅಷ್ಟೆ ಎಂದು ನಾವೇ ಅಂಟಿಸಿದೆವು.

ಟೆಸ್ಟಿನಲ್ಲಿ ಎಂಟು ಹಾಕುವುದು ಎಲ್ಲರಿಗೂ ಗೊತ್ತು. ವೇಗದಲ್ಲಿ ಹೋಗ್ಲಿಕ್ಕೆ ಬರುವ ಹುಡುಗರಿಗೆ ಇಲ್ಲೇ ಕಷ್ಟ ಆಗುವುದು, ಯಾಕೆಂದರೆ ನಿಧಾನಕ್ಕೆ ಹೋಗುವುದನ್ನು ಯಾರೂ ಕಲಿಸಿರುವುದಿಲ್ಲ. ಮೊದಲ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದು, ಹಿಂದಿನ ಬ್ರೇಕಿಗೆ ಸ್ವಲ್ಪ ಕಾಲು ಒತ್ತಿ, ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುಗಬೇಕಾದ ಕಡೆಗೆ ಇಟ್ಟರೆ ಗಾಡಿ ತಾನಾಗಿ ಆ ಕಡೆಗೆ ವಾಲುತ್ತದೆ. ನಮ್ಮವನು ಮೊದಲ ಸಲ ಎರಡನೇ ತಿರುವಿನಲ್ಲಿ ಕಾಲು ಊರಿ ಫೇಲಾದ. ಮನೆಗೆ ಬಂದು ಊಟ ಮಾಡಲಿಲ್ಲ. ಆಮೇಲೆ ಪ್ರತಿದಿನ ಸುಬ್ಹಿ ಆದ ಮೇಲೆ ಶಾಲೆಯ ಮೈದಾನದಲ್ಲಿ ಇಟ್ಟಿಗೆ ಇಟ್ಟು ಅಭ್ಯಾಸ ಮಾಡಿದ. ಎರಡನೇ ಸಲ ಪಾಸ್. ಟೆಸ್ಟಿಗೆ ಹೋಗುವಾಗ ಗಾಡಿಯ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಮತ್ತು ಹೆಲ್ಮೆಟ್ ಮರೆಯಬೇಡಿ. ವಿಮೆ ಮುಗಿದ ಗಾಡಿ ತಂದು ವಾಪಸು ಹೋದವರನ್ನು ಅಲ್ಲೇ ಕಂಡೆವು.

ಮೂವತ್ತರ ಕೆಳಗಿನವರಿಗೆ ಸಿಗುವ ಲೈಸನ್ಸ್ ನಲವತ್ತು ತುಂಬುವವರೆಗೆ ನಡೆಯುತ್ತದೆ. ಅಂದರೆ ನಮ್ಮ ಹುಡುಗನಿಗೆ ಇಪ್ಪತ್ತೆರಡು ವರ್ಷ ಮತ್ತೆ ಆ ಕಡೆ ತಲೆಹಾಕುವ ಕೆಲಸ ಇಲ್ಲ. ಡಿಜಿಲಾಕರಿನಲ್ಲಿ ಇಟ್ಟುಕೊಂಡರೆ ಪೊಲೀಸರಿಗೆ ಮೊಬೈಲಿನಲ್ಲೇ ತೋರಿಸಬಹುದು.

ಹುಡುಗಿಯರ ಮಾತು ಬಿಟ್ಟರೆ ಈ ಬರಹ ಅರ್ಧವೇ. ದೇರಳಕಟ್ಟೆ ಕಡೆ ಬೆಳಗ್ಗೆ ನಿಂತು ನೋಡಿದರೆ ಸ್ಕೂಟರಿನಲ್ಲಿ ಕಾಲೇಜಿಗೆ, ಆಸ್ಪತ್ರೆ ಕೆಲಸಕ್ಕೆ ಹೋಗುವ ನಮ್ಮ ಹುಡುಗಿಯರು ಎಷ್ಟು ಜನ! ನಮಗೆ ಸಂತೋಷವೇ. ಗಂಡಸರು ಗಲ್ಫಿನಲ್ಲಿರುವ ಮನೆಯಲ್ಲಿ ಒಬ್ಬ ಉಮ್ಮನ ಹತ್ತಿರ ಲೈಸನ್ಸ್ ಇದ್ದರೆ ಹದಿನಾರರ ಹುಡುಗನ ಕೈಗೆ ಕೀ ಕೊಡುವ ಅನಿವಾರ್ಯತೆಯೇ ಅರ್ಧಕ್ಕರ್ಧ ಇಲ್ಲವಾಗುತ್ತದೆ. ನಲವತ್ತು ದಾಟಿದ ಉಮ್ಮಂದಿರೂ ಅರ್ಜಿ ಹಾಕಬಹುದು, ಒಂದು ವೈದ್ಯಕೀಯ ಪ್ರಮಾಣಪತ್ರ ಜಾಸ್ತಿ ಬೇಕು ಅಷ್ಟೆ. ಬುರ್ಖಾದ ಅಂಚಿನ ಬಗ್ಗೆ ಮಾತ್ರ ಎಚ್ಚರ. ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚುವ ರಕ್ಷಣೆ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಸ್ಟೈಲಿಗೆಂದು ಹುಡುಗರು ಬೈಕಿನಿಂದ ಮೊದಲು ಬಿಚ್ಚಿ ಎಸೆಯುವುದು ಅದನ್ನೇ, ಆಮೇಲೆ ಅದೇ ಬೈಕಿನಲ್ಲಿ ಉಮ್ಮನನ್ನು ಮದುವೆ ಮನೆಗೆ ಕರೆದುಕೊಂಡು ಹೋಗುವುದು.

ಶುಕ್ರವಾರದ ಒಂದು ದೃಶ್ಯವನ್ನೂ ಹೇಳದೆ ಬಿಡುವುದು ಸರಿಯಲ್ಲ. ಜುಮಾಕ್ಕೆ ಹೊರಟವರ ತಲೆಯಲ್ಲಿ ಟೋಪಿ ಇರುತ್ತದೆ, ಹೆಲ್ಮೆಟ್ ಇರುವುದಿಲ್ಲ. ಟೋಪಿ ಹಾಕಿದವರನ್ನು ಪೊಲೀಸರು ಹಿಡಿಯುವುದಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂತೋ! ಕಾಯ್ದೆಯ ವಿನಾಯಿತಿ ಇರುವುದು ಪೇಟ ಸುತ್ತಿದ ಸಿಖ್ಖರಿಗೆ ಮಾತ್ರ. ಟೋಪಿ ಜೇಬಿನಲ್ಲಿ ಹಿಡಿಸುತ್ತದೆ, ಮಸೀದಿ ಅಂಗಳದಲ್ಲಿ ಹಾಕಿಕೊಳ್ಳಬಹುದು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು, ಅದರಲ್ಲಿ ಐಎಸ್‌ಐ ಗುರುತು ಇರಬೇಕು. 2021ರ ಜೂನ್ 1ರಿಂದ ಐಎಸ್‌ಐ ಇಲ್ಲದ ಹೆಲ್ಮೆಟ್ ಮಾರುವುದೇ ನಿಷಿದ್ಧ. ಪೆರ್ನಾಲಿನ ದಿನ ಹೊಸ ಬಟ್ಟೆ ಹಾಕಿ ಒಂದು ಬೈಕಿನಲ್ಲಿ ಮೂವರು ಸೋಮೇಶ್ವರಕ್ಕೋ ಪಣಂಬೂರಿಗೋ ಹೊರಡುವುದಕ್ಕೂ ಮೂರು ತಿಂಗಳು ಲೈಸನ್ಸ್ ಅಮಾನತಾಗುವ ಅವಕಾಶ ಕಾಯ್ದೆಯಲ್ಲಿದೆ.

ಲೈಸನ್ಸ್ ಸಿಕ್ಕಿದವರ ಮೊದಲ ಮಳೆಗಾಲ ನಮ್ಮ ಕರಾವಳಿಯಲ್ಲಿ ಬೇರೆಯೇ ಒಂದು ಪರೀಕ್ಷೆ. ಮೊದಲ ಮಳೆಗೆ ರಸ್ತೆಯ ಎಣ್ಣೆ ಮೇಲೆ ಬರುತ್ತದೆ, ಕೆಂಪು ಮಣ್ಣು ಕೊಚ್ಚಿ ತಿರುವಿನಲ್ಲಿ ನಿಲ್ಲುತ್ತದೆ, ಬಳಿದ ಬಿಳಿ ಪಟ್ಟೆಯ ಮೇಲೆ ಚಕ್ರ ಜಾರುತ್ತದೆ. ಹೊಂಡದಲ್ಲಿ ನೀರು ತುಂಬಿದರೆ ಆಳ ಕಾಣುವುದಿಲ್ಲ. 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಖಾಸಗಿ ಬಸ್ಸಿನ ಎಡಬದಿಯಿಂದ ನುಗ್ಗುವ ಚಾಳಿಯಂತೂ ಮೊದಲ ದಿನವೇ ಬಿಡಬೇಕು. ಪ್ರಯಾಣಿಕರನ್ನು ಕಂಡ ಬಸ್ಸು ಯಾವಾಗ ಎಡಕ್ಕೆ ಎಳೆಯುತ್ತದೆ ಎಂದು ಅದರ ಡ್ರೈವರಿಗೂ ಗೊತ್ತಿರುವುದಿಲ್ಲ.

ನಮ್ಮ ತಂಗಿಯ ಮಗನ ಲೈಸನ್ಸ್ ಕಾರ್ಡು ಅಂಚೆಯಲ್ಲಿ ಬಂದ ದಿನ ಅವನ ಬಾಪನಿಗೆ ಅದರ ಫೋಟೋ ಕಳಿಸಿದ. ಅವರು ರೂಮಿನ ಎಲ್ಲರಿಗೂ ತೋರಿಸಿದರಂತೆ. ಮನೆಯಲ್ಲಿ ಅವನಿಗಿಂತ ಕಿರಿಯವನೊಬ್ಬ ಇದ್ದಾನೆ, ಹತ್ತನೇ ತರಗತಿ. ಗೋಡೆಯ ಮೊಳೆಯಲ್ಲಿದ್ದ ಕೀ ಈಗ ಕಪಾಟಿನೊಳಗೆ ಹೋಗಿದೆ, ಕಪಾಟಿನ ಕೀ ತಂಗಿಯ ಸೊಂಟದಲ್ಲಿದೆ. ಕಿರಿಯವನು ಸದ್ಯಕ್ಕೆ ಬಸ್ ಪಾಸ್ ಮಾಡಿಸಿದ್ದಾನೆ, ಮುಖ ಊದಿಸಿಕೊಂಡೇ.